ಹಳ್ಳಕ್ಕೊಂದು ಕಾಲುಸಂಕ: ಗ್ರಾಮ ಪಂಚಾಯತ್ ಆರಿಸುವುದು ಹೇಗೆ, ದುಡ್ಡು ಹೊಂದಿಸುವುದು ಹೇಗೆ

ಸಂಕದ (ಹಳ್ಳ ದಾಟುವ ಕಾಲುಸೇತುವೆಯ) ಬೇಡಿಕೆ ಗ್ರಾಮಸಭೆಗೆ ಬಂದರೆ ಮೊದಲು ಏಳುವ ಪ್ರಶ್ನೆ ‘ಅನುದಾನ ಎಷ್ಟಿದೆ?’ ಎಂಬುದು. ಹತ್ತು ಲಕ್ಷ ಇದ್ದರೆ ಹತ್ತು ಲಕ್ಷಕ್ಕೆ ಹೊಂದುವ ಸ್ಲ್ಯಾಬು, ಐವತ್ತು ಲಕ್ಷ ಬಂದರೆ ತೂಗುಸೇತುವೆ. ನೆರೆ ಎಲ್ಲಿಯವರೆಗೆ ಬಂದಿತ್ತು, ದಂಡೆಯ ಮಣ್ಣು ಎಂಥದ್ದು, ಯಾರು ಏನು ಹೊತ್ತು ದಾಟುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ಸಂಕ ಮೂರನೇ ಮಳೆಗಾಲಕ್ಕೇ ಹೋಗುವುದಕ್ಕೆ ಬುನಾದಿ ಬೀಳುವುದು ಇಲ್ಲಿಯೇ. ಸರಿಯಾದ ಕ್ರಮ ಇದಕ್ಕೆ ತಲೆಕೆಳಗು: ಮೊದಲು ಅಳತೆ, ಆಮೇಲೆ ಬಗೆ, ಆಮೇಲೆ ಜಾಗ, ಕೊನೆಗೆ ದುಡ್ಡಿನ ಮೂಲ.

ಮೊದಲು ನೆರೆಗುರುತು

ಉತ್ತರ ಕನ್ನಡ ಜಿಲ್ಲೆಯಲ್ಲಿ ಸಂಕದ ಎತ್ತರವನ್ನು ನಿರ್ಧರಿಸಬೇಕಾದದ್ದು 2019ರ ಆಗಸ್ಟ್ ನೆರೆ. ಗಂಗಾವಳಿಯ ಮೇಲಿದ್ದ ರಾಮನಗುಳಿ ತೂಗುಸೇತುವೆ ಕೊಚ್ಚಿಹೋದದ್ದು ಆಗಲೇ. ಆ ನೆರೆಯ ಗುರುತು ಗೋಡೆಗಳ ಮೇಲೆ, ದೇವಸ್ಥಾನದ ಕಟ್ಟೆಯ ಮೇಲೆ ಇನ್ನೂ ಇದೆ. ಇಲ್ಲದ ಕಡೆ ದಂಡೆಯ ಮನೆಯವರ ನೆನಪಿನಲ್ಲಿದೆ. ಒಬ್ಬರ ಮಾತು ಸಾಲದು. ಎರಡೂ ದಂಡೆಗಳಲ್ಲಿ ಕನಿಷ್ಠ ಮೂರು ಕಡೆ ಗುರುತು ಕೇಳಿ, ಇಂಜಿನಿಯರ್ ಲೆವೆಲ್ ಯಂತ್ರ ತರುವ ಮೊದಲೇ ಬಣ್ಣ ಬಳಿದಿಡಿ. ಮೂರೂ ಒಂದೇ ಮಟ್ಟಕ್ಕೆ ಬಂದರೆ ನಂಬಿ. ಒಂದು ಮಾತ್ರ ಒಂದು ಮೀಟರಿನಷ್ಟು ಮೇಲಿದ್ದರೆ ಅಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡು ನೀರು ಕಟ್ಟಿತ್ತೇ ಎಂದು ವಿಚಾರಿಸಿ.

ನದಿಯ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಕದ್ರಾದ ಕೆಳಗಿನ ಊರುಗಳಿಗೆ ಮಳೆನೀರಿನ ಜೊತೆ ಗೇಟಿನ ನೀರೂ ಬರುತ್ತದೆ. ಗಂಗಾವಳಿ, ಅಘನಾಶಿನಿಗಳಿಗೆ ಅಂಥ ದೊಡ್ಡ ತಡೆಯಿಲ್ಲ, ಘಟ್ಟದಲ್ಲಿ ಸುರಿದದ್ದು ನೇರವಾಗಿ ಇಳಿಯುತ್ತದೆ. ಅಳಿವೆಗೆ ಹತ್ತಿರವಾದರೆ ಉಬ್ಬರದ ಹೊತ್ತಿಗೆ ನೆರೆ ಬಂದಾಗ ಮಟ್ಟ ಎಷ್ಟಾಗುತ್ತದೆ ಎಂದು ಬೇರೆಯಾಗಿ ಕೇಳಬೇಕು.

ಸಣ್ಣ ಹಳ್ಳಕ್ಕೆ ನೀರಿನ ಅಂದಾಜು ಸಿಗದಿದ್ದರೆ ಡಿಕನ್ಸ್ ಸೂತ್ರ ಸಾಕು: ಜಲಾನಯನದ ವಿಸ್ತೀರ್ಣವನ್ನು ಚದರ ಕಿಲೋಮೀಟರಿನಲ್ಲಿ ತೆಗೆದುಕೊಂಡು, ಅದರ 0.75 ಘಾತವನ್ನು ಪಶ್ಚಿಮಘಟ್ಟದ ಗುಣಾಂಕ 22ರಿಂದ ಗುಣಿಸುವುದು. 4 ಚದರ ಕಿ.ಮೀ. ಜಲಾನಯನದ ಹಳ್ಳಕ್ಕೆ ಸೆಕೆಂಡಿಗೆ ಸುಮಾರು 62 ಘನ ಮೀಟರ್ ಬರುತ್ತದೆ. ಬೇಸಿಗೆಯಲ್ಲಿ ದಾಟಿಕೊಂಡು ಹೋಗುವ ಹಳ್ಳ ಇದೇ ಎಂದು ನಂಬುವುದೇ ಕಷ್ಟ. ಸೇತುವೆಯ ತಳಕ್ಕೂ ನೆರೆಮಟ್ಟಕ್ಕೂ ನಡುವೆ ಬಿಡಬೇಕಾದ ಅಂತರ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆಯಲ್ಲಿದೆ: ಹರಿವು 3ರಿಂದ 30 ಘನ ಮೀಟರ್ ಇದ್ದರೆ 600 ಮಿ.ಮೀ., 30ರಿಂದ 300 ಇದ್ದರೆ 900 ಮಿ.ಮೀ., 300ರಿಂದ 3000 ಇದ್ದರೆ 1200 ಮಿ.ಮೀ. ಮೇಲ್ಭಾಗದಲ್ಲಿ ಕಾಡಿದ್ದರೆ, ಬಿದಿರುಮೆಳೆ ಇದ್ದರೆ ಇದಕ್ಕೂ ಅರ್ಧ ಮೀಟರ್ ಸೇರಿಸುವುದು ಒಳ್ಳೆಯದು. ಸಂಕವನ್ನು ಒಡೆಯುವುದು ಬರೀ ನೀರಲ್ಲ, ನೀರಿನ ಜೊತೆ ಬರುವ ಮರ.

ಯಾವ ಬಗೆ?

ಅಡಕೆ ದಬ್ಬೆಯ ಸಂಕ ಎಲ್ಲಿ ಹಾಕುತ್ತಿದ್ದರೋ ಅಲ್ಲೇ ಹೊಸದೂ ಬರಬೇಕೆಂಬ ಹಟ ಬೇಡ. ನೂರು ಹೆಜ್ಜೆ ಮೇಲೆ ಅಥವಾ ಕೆಳಗೆ ದಂಡೆ ಕಿರಿದಾಗಿ, ಎರಡೂ ಕಡೆ ಬಂಡೆ ಸಿಗುವ ಜಾಗ ಇರುತ್ತದೆ. ಹೊಳೆ ತಿರುವಿನ ಹೊರದಂಡೆ ಯಾವತ್ತೂ ಬೇಡ, ಅದು ಕೊರೆಯುತ್ತಲೇ ಇರುತ್ತದೆ.

ದಂಡೆಯಿಂದ ದಂಡೆಗೆ 8 ಮೀಟರ್ ಒಳಗಿದ್ದರೆ ಆರ್‌ಸಿಸಿ ಸ್ಲ್ಯಾಬು. ಊರಿನ ಮೇಸ್ತ್ರಿಗಳಿಗೆ ಗೊತ್ತಿರುವ ಕೆಲಸ, ನಿರ್ವಹಣೆ ಕಡಿಮೆ. ಇದಕ್ಕಿಂತ ಅಗ್ಗ ಎಂದು ಹ್ಯೂಮ್ ಪೈಪು ಸಾಲಾಗಿಟ್ಟು ಮೇಲೆ ಕಾಂಕ್ರೀಟ್ ಹಾಕುವ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ. ಸೊಪ್ಪು, ಕೊಂಬೆ ಬಂದು ಪೈಪಿನ ಬಾಯಿ ಮುಚ್ಚಿದ ಮೇಲೆ ಅದು ಅಣೆಕಟ್ಟಾಗುತ್ತದೆ. ನೀರು ಪಕ್ಕದ ತೋಟವನ್ನು ಕೊರೆದುಕೊಂಡು ದಾರಿ ಮಾಡಿಕೊಳ್ಳುತ್ತದೆ.

8ರಿಂದ 12 ಮೀಟರಿಗೆ ಎರಡು ಉಕ್ಕಿನ ತೊಲೆ, ಅವುಗಳ ಮೇಲೆ ಕಾಂಕ್ರೀಟ್ ಹಾಸು. 10 ಮೀಟರ್ ಹರವು (ದಂಡೆಯಿಂದ ದಂಡೆಗೆ ಇರುವ ಅಂತರ), 1.5 ಮೀಟರ್ ಅಗಲಕ್ಕೆ 350 ಮಿ.ಮೀ. ಎತ್ತರದ ಐ-ತೊಲೆ ಎರಡು ಸಾಕು; ಮೀಟರಿಗೆ 52 ಕೆ.ಜಿ. ಚಿಲ್ಲರೆ ತೂಗುವುದರಿಂದ ಎರಡೂ ಸೇರಿ ಒಂದು ಟನ್ನಿಗೆ ಸ್ವಲ್ಪ ಹೆಚ್ಚು, ಟ್ರ್ಯಾಕ್ಟರಿನಲ್ಲಿ ಬರುತ್ತದೆ. 300 ಮಿ.ಮೀ. ತೊಲೆಯೂ ಭಾರ ಹೊರುತ್ತದೆ, ಆದರೆ ಬಗ್ಗುವುದು ಹೆಚ್ಚು, ನಡೆದರೆ ಅದುರುತ್ತದೆ.

12ರಿಂದ 40 ಮೀಟರಿಗೆ ಉಕ್ಕಿನ ಟ್ರಸ್, ಅಂದರೆ ತ್ರಿಕೋನಗಳಾಗಿ ಹೆಣೆದ ಕಂಬಿಗಳ ಚೌಕಟ್ಟು. ನಮ್ಮ ಜಿಲ್ಲೆಯ ಬಹಳಷ್ಟು ಹಳ್ಳಗಳಿಗೆ ಸರಿಹೊಂದುವ, ಆದರೆ ಪಂಚಾಯತ್‌ಗಳು ಕಡಿಮೆ ಕೇಳುವ ಬಗೆ ಇದು. ನೀರಿನ ನಡುವೆ ಕಂಬವಿಲ್ಲ, ತುಂಡುಗಳಾಗಿ ತಂದು ಬೋಲ್ಟ್ ಹಾಕಿ ಜೋಡಿಸಬಹುದು, ತಳಪಾಯದ ಮೇಲೆ ಬೀಳುವುದು ಬಹುತೇಕ ನೇರ ಭಾರ ಮಾತ್ರ. ಹೋಲಿಸಿದರೆ, ಹೊಳೆಯ ನಡುವೆ ಎರಡು ಕಂಬ ಹಾಕಿ ಮೂರು ಸ್ಲ್ಯಾಬು ಇಡುವುದು ಕಾಗದದ ಮೇಲೆ ಅಗ್ಗವಾಗಿ ಕಾಣುತ್ತದೆ. ಕಂಬದ ಬುಡ ಕೊರೆಯುತ್ತದೆ, ಕಂಬಕ್ಕೆ ದಿಮ್ಮಿ ಅಡ್ಡ ಬೀಳುತ್ತದೆ, ಆಗ ಮೂರೂ ಸ್ಲ್ಯಾಬು ಒಟ್ಟಿಗೆ ಹೋಗುತ್ತವೆ. ಹಾಕಲೇಬೇಕಾದರೆ ಗಟ್ಟಿಬಂಡೆಯೊಳಗೆ 0.6 ಮೀಟರ್, ಮೆದುಬಂಡೆಯಾದರೆ 1.5 ಮೀಟರ್ ಇಳಿಸದ ತಳಪಾಯವನ್ನು ಒಪ್ಪಬೇಡಿ. ಚಿರೇಕಲ್ಲಿನ (ಜಂಬಿಟ್ಟಿಗೆಯ) ಪದರ ಬಂಡೆಯಲ್ಲ. ಬೇಸಿಗೆಯಲ್ಲಿ ಗುದ್ದಲಿಗೆ ಬಗ್ಗದ ಚಿರೆ, ಅದರ ಕೆಳಗಿನ ಜೇಡಿ ತೊಳೆದುಹೋದರೆ ಹಾಗೇ ಕುಸಿದು ಕೂರುತ್ತದೆ.

ಕರಾವಳಿಯ ಸಿಹಿನೀರಿನ ಹಳ್ಳಗಳಲ್ಲಿ ಇನ್ನೊಂದು ದಾರಿ ಇದೆ: ಕಿಂಡಿ ಅಣೆಕಟ್ಟಿನ (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಕಟ್ಟೆಯ) ಮೇಲೇ ಕಾಲುಹಾದಿ. ಸಣ್ಣ ನೀರಾವರಿ ಇಲಾಖೆಯ ಪಶ್ಚಿಮ ವಾಹಿನಿ ಯೋಜನೆಯಲ್ಲಿ ಹೀಗೆ ಕೇಳಬಹುದು. ನೀರೂ ನಿಲ್ಲುತ್ತದೆ, ದಾರಿಯೂ ಆಗುತ್ತದೆ. ಆದರೆ ಮೇ ಕೊನೆಗೆ ಹಲಗೆ ತೆಗೆಯುವವರು ಯಾರೆಂದು ಠರಾವಿನಲ್ಲಿ ಹೆಸರಿಸಿ ಬರೆಯದಿದ್ದರೆ ಬೇಡ.

ತೂಗುಸೇತುವೆಯ ಲೆಕ್ಕ ಪಂಚಾಯತ್ ಸದಸ್ಯರಿಗೂ ಗೊತ್ತಿರಲಿ

40 ಮೀಟರ್ ದಾಟಿದರೆ ತೂಗುಸೇತುವೆಯೇ ಸರಿ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಹಾಕಿದ ತೂಗುಸೇತುವೆಯಿಂದ ಶುರುವಾಗಿ, ಕಡಿಮೆ ಖರ್ಚಿನಲ್ಲಿ ಇದು ಸಾಧ್ಯ ಎಂಬುದು ಮಲೆನಾಡಿಗೆಲ್ಲ ಗೊತ್ತಾಯಿತು. ಕಡಿಮೆ ಖರ್ಚು ಎಂಬ ಮಾತು ಮಾತ್ರ ನೆನಪಿಟ್ಟುಕೊಂಡವರು ಎಡವುವುದು ಲಂಗರಿನಲ್ಲಿ, ಅಂದರೆ ಹಗ್ಗದ ತುದಿಯನ್ನು ಹಿಡಿದುಕೊಳ್ಳುವ ಕಾಂಕ್ರೀಟ್ ಗಟ್ಟಿಯಲ್ಲಿ.

ಒಂದು ಉದಾಹರಣೆ. ಹರವು 60 ಮೀಟರ್, ಅಗಲ 1.2 ಮೀಟರ್. ಜನರ ಭಾರ ಚದರ ಮೀಟರಿಗೆ 400 ಕೆ.ಜಿ., ಅಂದರೆ ಉದ್ದದ ಮೀಟರಿಗೆ 480. ಸೇತುವೆಯ ಸ್ವಂತ ತೂಕ 150 ಎಂದುಕೊಳ್ಳಿ. ಒಟ್ಟು 630. ಮೀಟರಿನ ಭಾರವನ್ನು ಹರವಿನ ವರ್ಗದಿಂದ ಗುಣಿಸಿ, ಹಗ್ಗದ ಇಳಿತದ (ಗೋಪುರದ ತುದಿಯಿಂದ ನಡುಭಾಗ ಜೋಲುವ ಆಳದ) ಎಂಟು ಪಟ್ಟಿನಿಂದ ಭಾಗಿಸಿದರೆ ಅಡ್ಡಸೆಳೆತ ಸಿಗುತ್ತದೆ. ಇಳಿತ 6 ಮೀಟರ್ ಇದ್ದರೆ ಅದು 47 ಟನ್. ಇಳಿತವನ್ನು 4 ಮೀಟರಿಗೆ ಇಳಿಸಿದರೆ 71 ಟನ್. ಗೋಪುರದ ಎತ್ತರ ಎರಡು ಮೀಟರ್ ಕಡಿಮೆ ಮಾಡಿ ಉಳಿಸಿದ ದುಡ್ಡು ಹಗ್ಗಕ್ಕೂ ಲಂಗರಿಗೂ ಹೋಗಿ ಮೇಲೆ ಸಾಲವೂ ಆಗುತ್ತದೆ. ಗೋಪುರದ ತುದಿಯಲ್ಲಿ ಹಗ್ಗದ ಸೆಳೆತ ಇನ್ನೂ ಸ್ವಲ್ಪ ಹೆಚ್ಚು: 6 ಮೀಟರ್ ಇಳಿತಕ್ಕೆ 51 ಟನ್, ಒಂದೊಂದು ಬದಿಗೆ ಅದರ ಅರ್ಧ. ಮೂರು ಪಟ್ಟು ಸುರಕ್ಷತೆ ಹಿಡಿದರೆ ಒಂದು ಬದಿಯ ಹಗ್ಗಗಳ ಮುರಿಯುವ ಬಲ ಸುಮಾರು 76 ಟನ್ ಇರಬೇಕು. ಕಂಪನಿಯ ಪರೀಕ್ಷಾ ಪ್ರಮಾಣಪತ್ರದಲ್ಲಿ ಆ ಸಂಖ್ಯೆ ಇದೆಯೇ ನೋಡಿ, ಸುರುಳಿಯ ಸಂಖ್ಯೆಯೂ ತಾಳೆಯಾಗಲಿ.

ಲಂಗರು ನೆಲವನ್ನು ಹಿಡಿದುಕೊಳ್ಳುವುದು ತನ್ನ ತೂಕದಿಂದ. 47 ಟನ್ ಅಡ್ಡಸೆಳೆತ, 19 ಟನ್ ಮೇಲೆತ್ತುವ ಸೆಳೆತ, ಘರ್ಷಣೆ 0.5, ಒಂದೂವರೆ ಪಟ್ಟು ಸುರಕ್ಷತೆ ಎಂದು ಲೆಕ್ಕ ಹಾಕಿದರೆ ಒಂದು ದಂಡೆಯಲ್ಲಿ 160 ಟನ್, ಅಂದರೆ 67 ಘನ ಮೀಟರ್ ಕಾಂಕ್ರೀಟ್ ಬೇಕು. ಮುಂದಿನ ಮಣ್ಣು ಒರಗಿಕೊಡುವ ಬಲವನ್ನು ಸೇರಿಸಿ ವಿನ್ಯಾಸಕಾರರು ಇದನ್ನು ಕಡಿಮೆ ಮಾಡುತ್ತಾರೆ, ಅದು ನ್ಯಾಯವೇ. ಆದರೆ ಒಂದು ಪ್ರಶ್ನೆ ಕೇಳಿ: ನೆರೆಯಲ್ಲಿ ಲಂಗರು ಮುಳುಗುತ್ತದೆಯೇ? ಕಾಂಕ್ರೀಟಿನ ತೂಕ ಘನ ಮೀಟರಿಗೆ 2.4 ಟನ್, ನೀರಿನಲ್ಲಿ ಮುಳುಗಿದರೆ 1.4 ಮಾತ್ರ. ಶೇ 40ಕ್ಕೂ ಹೆಚ್ಚು ತೂಕ, ಅದು ಅತಿ ಬೇಕಾದ ದಿನವೇ ಇಲ್ಲವಾಗುತ್ತದೆ. ಮುಳುಗುವ ಲಂಗರನ್ನು ಮುಳುಗಿದ ತೂಕದಲ್ಲೇ ಲೆಕ್ಕ ಹಾಕಿದ್ದಾರೆ ಎಂದು ವರದಿಯಲ್ಲಿ ಬರೆಸಿಕೊಳ್ಳಿ.

ಹಗ್ಗದ ತುದಿಗೆ ಹಾಕುವ ಯು-ಕ್ಲಾಂಪ್ ಚಿಕ್ಕ ವಸ್ತು, ತಪ್ಪು ದೊಡ್ಡದು. ಕ್ಲಾಂಪಿನ ಗಟ್ಟಿ ಹಿಡಿ ಭಾರ ಹೊರುವ ಹಗ್ಗದ ಮೇಲೆ, ಯು-ಬೋಲ್ಟು ಮಡಚಿದ ಬಾಲದ ಮೇಲೆ ಇರಬೇಕು. ಒಂದು ಹಾಗೆ ಒಂದು ಹೀಗೆ ಹಾಕಿದ್ದರೆ ಬಿಚ್ಚಿಸಿ. ಎರಡು ಕ್ಲಾಂಪಿನ ನಡುವೆ ಹಗ್ಗದ ವ್ಯಾಸದ ಆರು ಪಟ್ಟು ಅಂತರ, 26 ಮಿ.ಮೀ. ಹಗ್ಗಕ್ಕೆ ಸುಮಾರು 156 ಮಿ.ಮೀ. ಭಾರ ಬಿದ್ದ ಮೇಲೆ ಹಗ್ಗ ಸಣಕಲಾಗುತ್ತದೆ, ಆದ್ದರಿಂದ ಪರೀಕ್ಷೆಯ ನಂತರ ನಟ್ಟುಗಳನ್ನು ಮತ್ತೆ ಬಿಗಿಯಲೇಬೇಕು.

ಭಾರ, ಅಗಲ, ಬೈಕು

ಹಳ್ಳಿಯ ಕಾಲುಹಾದಿಗೆ ಚದರ ಮೀಟರಿಗೆ 400 ಕೆ.ಜಿ., ಪೇಟೆ ಅಥವಾ ಯಾತ್ರಾಸ್ಥಳದ ಹತ್ತಿರವಾದರೆ 500 ಎಂದು ಸಂಹಿತೆ ಹೇಳುತ್ತದೆ. ದಿನಕ್ಕೆ ಇಪ್ಪತ್ತು ಮಂದಿ ದಾಟುವ ಸಂಕವಾದರೂ ಆಚೆ ದಂಡೆಯಲ್ಲಿ ಜಾತ್ರೆ ನಡೆಯುವ ದೇವಸ್ಥಾನ ಇದ್ದರೆ 500 ಹಿಡಿಯಿರಿ. ಉಳವಿ ಬಳಿಯ ಶಿವಪುರದ ತೂಗುಸೇತುವೆಯಂತೆ ಪ್ರವಾಸಿಗರು ನೋಡಲೆಂದೇ ಬರುವ ಜಾಗಕ್ಕೂ ಅದೇ ಲೆಕ್ಕ. ಅಲ್ಲಿ ಜನ ದಾಟುವುದಿಲ್ಲ, ನಡುವೆ ನಿಂತು ಫೋಟೊ ತೆಗೆಯುತ್ತಾರೆ, ಬೇಕೆಂದೇ ಕುಣಿಸುತ್ತಾರೆ.

ಅಗಲಕ್ಕೆ ಅಳತೆಗೋಲು ರೋಗಿಯನ್ನು ಹೊತ್ತು ತರುವ ಜೋಲಿ ಅಥವಾ ಸ್ಟ್ರೆಚರ್. ಇಬ್ಬರು ಪಕ್ಕಕ್ಕೆ ಸರಿಯದೆ ದಾಟಲು 1.2 ಮೀಟರ್ ಕನಿಷ್ಠ, 1.5 ಇದ್ದರೆ ನೆಮ್ಮದಿ. ಬೈಕು ಬಿಡುವುದೋ ಬೇಡವೋ ಎಂಬುದನ್ನು ವಿನ್ಯಾಸಕ್ಕೆ ಮೊದಲೇ ಗ್ರಾಮಸಭೆಯಲ್ಲಿ ತೀರ್ಮಾನಿಸಿ. ಬಿಡುವುದಾದರೆ ಅಗಲ, ಹಾಸು, ಅದುರುವಿಕೆ ಎಲ್ಲವೂ ಬೇರೆ. ಬಿಡುವುದಿಲ್ಲವಾದರೆ ಬೋರ್ಡು ಸಾಲದು, ಎರಡೂ ತುದಿಗೆ ಸ್ಟ್ರೆಚರ್ ದಾಟಿ ಬೈಕಿನ ಹ್ಯಾಂಡಲ್ ದಾಟದಂಥ ತಿರುವಿನ ಕಂಬಿ ಬೇಕು. ಅಂಥ ಕಂಬಿಯ ಅಳತೆಯನ್ನು ನಿಜವಾದ ಸ್ಟ್ರೆಚರ್ ತಂದು ನೋಡಿಯೇ ಕೂರಿಸಿ. ನಡೆಯುವ ಹಾಸಾಗಿ ಉಬ್ಬುಗೆರೆಯ ಉಕ್ಕಿನ ತಗಡು ಬೇಡ. ಜುಲೈ ಹೊತ್ತಿಗೆ ಹಾವಸೆ ಹಿಡಿದು ಜಾರುತ್ತದೆ. ಕಸಬರಿಗೆ ಎಳೆದು ಒರಟು ಮಾಡಿದ ಕಾಂಕ್ರೀಟ್ ಹಲಗೆ ಒಳ್ಳೆಯದು. ದನ ದಾಟುವ ಕಡೆ ಜಾಲರಿ ಹಾಸೂ ಬೇಡ, ಕೆಳಗೆ ನೀರು ಕಂಡರೆ ದನ ಹೆಜ್ಜೆ ಇಡುವುದಿಲ್ಲ.

ಉಪ್ಪುನೀರು ಬರುವ ಕಡೆ

ಕುಮಟಾದ ಗಜನಿ (ಉಪ್ಪುನೀರಿನ ಗದ್ದೆ), ಹೊನ್ನಾವರ, ಕಾರವಾರದ ಹಿನ್ನೀರಿನ ಬದಿಗೆ ಘಟ್ಟದ ಮೇಲಿನ ಶಿರಸಿಯ ಅಂದಾಜುಪಟ್ಟಿಯನ್ನು ನಕಲು ಮಾಡಬೇಡಿ. ಕಾಂಕ್ರೀಟ್ ಕನಿಷ್ಠ ಎಂ30 ದರ್ಜೆಯದು. ಕಬ್ಬಿಣದ ಮೇಲಿನ ಹೊದಿಕೆ 50 ಮಿ.ಮೀ., ಉಬ್ಬರ–ಇಳಿತದ ನಡುವೆ ತೋಯುವ ಭಾಗಕ್ಕೆ ಕನಿಷ್ಠ ಎಂ40 ಮತ್ತು 75 ಮಿ.ಮೀ. ಉಕ್ಕಿಗೆ ಬಣ್ಣ ಸಾಲದು, ಬಿಸಿ ಸತುವಿನ ಲೇಪ ಬೇಕು: 5 ಮಿ.ಮೀ.ಗಿಂತ ದಪ್ಪದ ಭಾಗಕ್ಕೆ ಚದರ ಮೀಟರಿಗೆ ಕನಿಷ್ಠ 610 ಗ್ರಾಂ, ಅಂದರೆ ಸುಮಾರು 86 ಮೈಕ್ರಾನ್. ಲೇಪವಾದ ಮೇಲೆ ಸ್ಥಳದಲ್ಲಿ ವೆಲ್ಡಿಂಗ್ ಮಾಡಿದರೆ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಹೊರಡುತ್ತದೆ. ರೈಲಿಂಗ್ ಸಮೇತ ಎಲ್ಲವೂ ಬೋಲ್ಟಿನ ಜೋಡಣೆ ಎಂದು ಟೆಂಡರಿನಲ್ಲೇ ಬರೆಯಿರಿ. ಕಾಂಕ್ರೀಟಿಗೆ ಹಿನ್ನೀರು, ಅಳಿವೆಯ ಮರಳು ಎರಡೂ ನಿಷಿದ್ಧ.

ಜಾಗ ಮತ್ತು ಅನುಮತಿ

ಗೋಪುರದ ಜಾಗ ಮಾತ್ರ ನೋಡಿ ಬರುವವರು ಬಹಳ. ಲಂಗರು ಗೋಪುರದ ಹಿಂದೆ 15–20 ಮೀಟರ್ ದೂರದಲ್ಲಿ ಬರುತ್ತದೆ, ಅದು ಸಾಮಾನ್ಯವಾಗಿ ಯಾರದೋ ಅಡಕೆ ತೋಟ ಅಥವಾ ಸೊಪ್ಪಿನಬೆಟ್ಟ. ‘ಕೊಡ್ತೇವೆ, ಮಾಡ್ಕೊಳ್ಳಿ’ ಎಂಬ ಮಾತನ್ನು ನಂಬಿ ಕೆಲಸ ಶುರು ಮಾಡಬೇಡಿ, ಬಾಂಡ್ ಪೇಪರಿನ ಒಪ್ಪಿಗೆಯನ್ನೂ ನಂಬಬೇಡಿ. ಕೂಡುದಾರಿ ಸೇರಿಸಿ ಅಳತೆ ಮಾಡಿಸಿ, ಪಂಚಾಯತ್ ಹೆಸರಿಗೆ ನೋಂದಾಯಿತ ದಾನಪತ್ರ ಆಗಲಿ. ಹಿಸ್ಸೆಯಾಗದ ಜಮೀನಾದರೆ ಪಹಣಿಯಲ್ಲಿರುವ ಎಲ್ಲರ ಸಹಿ ಬೇಕು. ಮುಂಬೈಯಲ್ಲಿರುವ ತಮ್ಮನ ಸಹಿಗೇ ಆರು ತಿಂಗಳು ಹೋಗುವುದುಂಟು.

ಅರಣ್ಯಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ನೋಡಿ. ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗೆ, ರಸ್ತೆಯೂ ಅದರಲ್ಲಿದೆ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದ ಕಡಿತ, ಗ್ರಾಮಸಭೆಯ ಶಿಫಾರಸು ಇದ್ದರೆ ಅನುಮತಿ ಜಿಲ್ಲಾ ಮಟ್ಟದಲ್ಲೇ ಆಗುತ್ತದೆ. ನಮೂನೆ ‘ಎ’ ತುಂಬಿ ವಲಯ ಅರಣ್ಯಾಧಿಕಾರಿಗೆ ಕೊಡುವುದು ಮೊದಲ ಹೆಜ್ಜೆ. ಠರಾವಿನಲ್ಲಿ ‘ಸಂಕ’ ಎಂದಷ್ಟೇ ಬರೆಯದೆ ‘ಕಾಲುದಾರಿ ಸಂಪರ್ಕ ರಸ್ತೆ ಮತ್ತು ಅದರ ಸೇತುವೆ’ ಎಂದು, ಸರ್ವೆ ನಂಬರು ಮತ್ತು ಗುಂಟೆ ಲೆಕ್ಕದ ಸಮೇತ ಬರೆಯಿರಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯಗಳ ಒಳಗೆ ವನ್ಯಜೀವಿ ಅನುಮತಿಯೂ ಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಉಬ್ಬರದ ನೀರು ಬರುವ ಹೊಳೆ, ಕಾಂಡ್ಲಾ (ಮ್ಯಾಂಗ್ರೋವ್) ಇರುವ ದಂಡೆಗೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕು. ಅಘನಾಶಿನಿ ಅಳಿವೆ 2024ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿದೆ, ಅಲ್ಲಿ ಕಾಂಡ್ಲಾ ಕಡಿಯದ ಜಾಗವನ್ನೇ ಮೊದಲು ಹುಡುಕುವುದು ಜಾಣತನ.

ದುಡ್ಡು ಎಲ್ಲಿಂದ?

ಹಣಕಾಸು ಆಯೋಗದ ಅನುದಾನದಲ್ಲಿ ಸಂಕಕ್ಕೆ ಸಿಗುವುದು ನಿರ್ಬಂಧರಹಿತ ಪಾಲು ಮಾತ್ರ. 2026ರ ಮಾರ್ಚ್‌ವರೆಗಿನ 15ನೇ ಆಯೋಗದ ಲೆಕ್ಕದಲ್ಲಿ ಅದು ಶೇ 40 ಇತ್ತು, ಉಳಿದ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದಾಗಿತ್ತು. ಒಂದು ಪಂಚಾಯತ್‌ನ ಒಂದು ವರ್ಷದ ಪಾಲು ಸ್ಲ್ಯಾಬು ಸಂಕಕ್ಕೆ ಸಾಲಬಹುದು, ಟ್ರಸ್ಸಿಗೆ ಸಾಲುವುದು ಅಪರೂಪ. ಉದ್ಯೋಗ ಖಾತ್ರಿಯಲ್ಲಿ 2005ರ ಕಾಯ್ದೆಯ ಲೆಕ್ಕ ಕೂಲಿಗೆ ಶೇ 60, ಸಾಮಗ್ರಿಗೆ ಶೇ 40 ಎಂದಿತ್ತು. ಉಕ್ಕಿನ ಸೇತುವೆಯಲ್ಲಿ ಈ ಲೆಕ್ಕ ತಿರುವುಮುರುವು. ಹಾಗಾಗಿ ಕೂಡುದಾರಿಯ ಮಣ್ಣುಕೆಲಸ, ದಂಡೆಯ ಕಲ್ಲುಕಟ್ಟಣೆಯನ್ನು ಅಲ್ಲಿಗೆ ಹಾಕಿ, ಸೇತುವೆಯನ್ನು ಬೇರೆ ಕಡೆ ಕೇಳಿ.

ಆ ಬೇರೆ ಕಡೆಗಳು: ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಕರಾವಳಿ ಅಭಿವೃದ್ಧಿ ಪ್ರಾಧಿಕಾರ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಲೋಕೋಪಯೋಗಿಯ ಶಾಲಾ ಸಂಪರ್ಕ ಸೇತು. ಶಾಲೆಯ ಮಕ್ಕಳು ದಾಟುವ ಹಳ್ಳವಾದರೆ ಮುಖ್ಯಶಿಕ್ಷಕರಿಂದ ಮಕ್ಕಳ ಸಂಖ್ಯೆ, ಮಳೆಗಾಲದಲ್ಲಿ ಶಾಲೆ ತಪ್ಪುವ ದಿನಗಳ ಪಟ್ಟಿಯನ್ನು ಹಾಜರಿ ಪುಸ್ತಕದ ಆಧಾರದಲ್ಲಿ ಬರೆಸಿ ಲಗತ್ತಿಸಿ. ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಘಟ್ಟದ ಅವರ ಕೇರಿಗಳಿಗೆ ಗಿರಿಜನ ಉಪಯೋಜನೆಯ ಹಣವನ್ನು ಕೇಳುವ ಹಕ್ಕಿದೆ. ಹಳೆಯ ಸಂಕ ನೆರೆಯಲ್ಲಿ ಹೋಗಿದ್ದರೆ ತಹಶೀಲ್ದಾರರ ಹಾನಿವರದಿಯಲ್ಲಿ ಅದು ಸೇರಿದೆಯೇ ಎಂದು ಆ ವಾರವೇ ನೋಡಿಕೊಳ್ಳಿ. ಆ ವರದಿಯಲ್ಲಿ ಇಲ್ಲದ್ದನ್ನು ವಿಪತ್ತು ನಿಧಿಯಿಂದ ಆಮೇಲೆ ಕೇಳುವುದು ಕಷ್ಟ.

30 ಲಕ್ಷ ಮಂಜೂರಾಯಿತೆಂದರೆ 30 ಲಕ್ಷದ ಕೆಲಸ ಆಗುತ್ತದೆಂದಲ್ಲ. ಶೇ 18 ಜಿಎಸ್‌ಟಿ ಕಳೆದರೆ 25.4 ಲಕ್ಷ. ಅದರಲ್ಲಿ ಶೇ 1 ಕಾರ್ಮಿಕ ಸೆಸ್, ಮಣ್ಣುಪರೀಕ್ಷೆ, ವಿನ್ಯಾಸ ಮತ್ತು ಅದರ ಮರುಪರಿಶೀಲನೆ ಎಲ್ಲ ಬರಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಇಂಜಿನಿಯರಿಂಗ್ ಸಂಸ್ಥೆಯಿಂದ ಮರುಪರಿಶೀಲನೆ ಮಾಡಿಸುವ ಶುಲ್ಕವನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿ, ತೂಗುಸೇತುವೆಗಂತೂ ಕಡ್ಡಾಯವಾಗಿ.

ಈ ವರ್ಷ ಕಂಬ, ಮುಂದಿನ ವರ್ಷ ಸೇತುವೆ ಎಂದು ಹಂತ ಮಾಡಬೇಡಿ. ಕಂಬಕ್ಕೆ ಬಿಲ್ ಆಗುತ್ತದೆ, ಮುಂದಿನ ವರ್ಷ ಆದ್ಯತೆ ಬದಲಾಗುತ್ತದೆ, ದರಪಟ್ಟಿಯೂ ಏರುತ್ತದೆ. ಹಂತ ಮಾಡಲೇಬೇಕಾದರೆ ಸೇತುವೆ ಪೂರ್ತಿ ಮೊದಲು, ಮೆಟ್ಟಿಲು–ಕೂಡುದಾರಿ ಆಮೇಲೆ. ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ತುಂಡು ಮಾಡಿದರೆ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯಡಿ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ, ಉತ್ತರ ಕೊಡಬೇಕಾದವರು ಪಿಡಿಒ ಮತ್ತು ಅಧ್ಯಕ್ಷರು.

ಮಳೆಯ ಪಂಚಾಂಗ

ಕೆಲಸದ ಕಾಲ ಡಿಸೆಂಬರಿನಿಂದ ಮೇವರೆಗೆ ಮಾತ್ರ. ಹಿಂದಕ್ಕೆ ಎಣಿಸಿ: ತಳಪಾಯ, ಲಂಗರಿನ ಕಾಂಕ್ರೀಟ್ ಏಪ್ರಿಲ್ ಮಧ್ಯಕ್ಕೆ ಮುಗಿಯಬೇಕು, 28 ದಿನದ ಬಲ ಬಂದ ಮೇಲೆ ಹಗ್ಗ ಎಳೆಯಬೇಕು. ಅಂದರೆ ಕಾರ್ಯಾದೇಶ ಡಿಸೆಂಬರಿನಲ್ಲಿ, ತಾಂತ್ರಿಕ ಮಂಜೂರಾತಿ ಅಕ್ಟೋಬರಿನೊಳಗೆ, ಅಳತೆ ಹಿಂದಿನ ಬೇಸಿಗೆಯಲ್ಲಿ. ಮಾರ್ಚ್ 31ರ ಗಡಿಬಿಡಿಯಲ್ಲಿ ಕಾರ್ಯಾದೇಶ ಕೊಟ್ಟರೆ ಮೇ ಕೊನೆಯ ವಾರ ಮಳೆಯಲ್ಲೇ ಲಂಗರು ತುಂಬುತ್ತಾರೆ. ಗುಂಡಿಯಲ್ಲಿ ನೀರು ನಿಂತಿರುವಾಗ ಕಾಂಕ್ರೀಟ್ ಸುರಿಯಲು ಬಿಡಬೇಡಿ. ಲಂಗರಿನ ಕಬ್ಬಿಣ ಮುಚ್ಚುವ ಮೊದಲು ಅಳತೆ ಪುಸ್ತಕದಲ್ಲಿ ದಾಖಲೆ, ಟೇಪು ಕಾಣುವ ಫೋಟೊ ಆಗಿರಲಿ; ಸುರಿದ ಕಾಂಕ್ರೀಟಿನ 150 ಮಿ.ಮೀ. ಕ್ಯೂಬುಗಳ 7 ಮತ್ತು 28 ದಿನದ ಪರೀಕ್ಷೆಯನ್ನು ಆಮೇಲೆ ಮಾಡಿಸಿ. ಮುಚ್ಚಿದ ಮೇಲೆ ಯಾವ ತಪಾಸಣೆಗೂ ಆ ಕಬ್ಬಿಣ ಕಾಣದು.

ಉದ್ಘಾಟನೆಗೆ ಮೊದಲು ಭಾರ ಪರೀಕ್ಷೆ. 24 ಮೀಟರ್ ಉದ್ದ, 1.5 ಮೀಟರ್ ಅಗಲದ ಟ್ರಸ್ಸಿಗೆ 14.4 ಟನ್, ಅಂದರೆ 50 ಕೆ.ಜಿ.ಯ 288 ಮರಳುಚೀಲ. ಎರಡೂ ತುದಿಯಿಂದ ಸಮನಾಗಿ ಪೇರಿಸಿ, ನಡುಭಾಗ ಎಷ್ಟು ಇಳಿಯಿತೆಂದು ಅಳೆದು, 24 ಗಂಟೆ ಬಿಟ್ಟು, ಇಳಿಸಿದ ಮೇಲೆ ಎಷ್ಟು ಮರಳಿತು ಎಂದು ಬರೆದಿಡಿ. ಆ ಕಾಗದ ಮುಂದಿನ ಇಪ್ಪತ್ತು ವರ್ಷ ಬೇಕಾಗುತ್ತದೆ.

ಆಮೇಲಿನ ಖರ್ಚು

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ದುರಸ್ತಿಯಾಗಿ ತೆರೆದ ಕೆಲವೇ ದಿನಗಳಲ್ಲಿ ತೂಗುಸೇತುವೆ ಕಡಿದು 135 ಮಂದಿ ಸತ್ತರು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಅವು ಮೊದಲೇ ಕಡಿದಿದ್ದಿರಬಹುದು ಎಂದು ತನಿಖಾ ತಂಡ ಹೇಳಿತು. ಹಳೆಯ ಹಗ್ಗದ ಮೇಲೆ ಹೊಸ ಭಾರದ ಹಾಸು ಹಾಕಿದ್ದರು. ಹೊರಗೆ ಹೊಸ ಬಣ್ಣ, ಒಳಗೆ ಹಳೆಯ ತಂತಿ ಎಂಬ ದುರಸ್ತಿಗೆ ಪಂಚಾಯತ್ ದುಡ್ಡು ಹಾಕಬಾರದು.

ಪ್ರತಿ ವರ್ಷದ ಕ್ರಿಯಾಯೋಜನೆಯಲ್ಲಿ ಸಂಕದ ನಿರ್ವಹಣೆಗೆ ಬೇರೆ ಸಾಲು ಇರಲಿ, ಮೊತ್ತ ಚಿಕ್ಕದಾದರೂ. ಮೇ ಮೊದಲ ವಾರ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ನೋಡಬೇಕು: ಲಂಗರಿನ ಬಾಯಲ್ಲಿ ಮಣ್ಣು, ಎಲೆ ತುಂಬಿ ಹಗ್ಗ ತೋಯ್ದುಕೊಂಡಿದೆಯೇ (ತುಕ್ಕು ಹತ್ತುವುದು ಕಣ್ಣಿಗೆ ಕಾಣುವ ನಡುಭಾಗದಲ್ಲಲ್ಲ, ಅಲ್ಲಿ), ಕ್ಲಾಂಪಿನ ನಟ್ಟು ಸಡಿಲವೇ, ತೂಗುಕಂಬಿ ಯಾವುದಾದರೂ ಜೋಲುತ್ತಿದೆಯೇ, ಟ್ರಸ್ಸಿನ ತುದಿಯ ಬೇರಿಂಗಿನ ಕೆಳಗೆ ಕಸ ಕೂತಿದೆಯೇ, ದಂಡೆಯ ಕಟ್ಟಣೆಯ ಹಿಂದೆ ಗುಂಡಿ ಬಿದ್ದಿದೆಯೇ. ಗ್ರೀಸ್, ಬಣ್ಣ, ನಟ್ಟು ಬೋಲ್ಟು ಇಷ್ಟಕ್ಕೆ ಪಂಚಾಯತ್ ಸಾಕು. ಹಗ್ಗದಲ್ಲಿ ಕಡಿದ ತಂತಿ ಕಂಡರೆ ಅಂದೇ ಎರಡೂ ತುದಿಗೆ ಬೇಲಿ ಹಾಕಿ, ಪಂಚಾಯತ್‌ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಫೋಟೊ ಸಮೇತ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಬೇಲಿ ಹಾಕಿದ ದಿನವೇ ಮಕ್ಕಳಿಗೆ, ಹಾಲು ಡೇರಿಗೆ ಬದಲಿ ದಾರಿ ಯಾವುದೆಂದು ಎರಡೂ ದಂಡೆಯಲ್ಲಿ ಬೋರ್ಡು ಹಾಕದಿದ್ದರೆ, ಸಂಜೆಯೊಳಗೆ ಬೇಲಿ ಹೊಳೆಯಲ್ಲಿರುತ್ತದೆ.